ಆ ಡಿಸೆಂಬರ್‌ನಲ್ಲಿ ರಿಸಲ್ಟ್ ಯಾರಿಗೂ ಗೊತ್ತಿರಲಿಲ್ಲ

ಓದುಗರ ಪತ್ರ: ಸಂಪಾದಕರೇ, ಹೋದ ಸಂಚಿಕೆಯಲ್ಲಿ 2009ರ ಇಂಗ್ಲೆಂಡಿನ ಕ್ರಿಸ್‌ಮಸ್ ನಂಬರ್ ಒನ್ ಗಲಾಟೆನ ನೀವು ಜನರ ಗೆಲುವು ಅಂತ ಹೊಗಳಿದ್ರಿ. ನಾನಾಗ ಇಲ್ಲೇ ಸ್ಲೌನಲ್ಲಿದ್ದೆ. ನನ್ನ ಮಗಳಿಗೆ 13 ವರ್ಷ, ನನ್ನ ಕಾರ್ಡ್ ತಗೊಂಡು ಆ ಬೈಗುಳದ ಹಾಡು ಡೌನ್‌ಲೋಡ್ ಮಾಡಿದ್ಲು, ಮನೇಲಿ ದೊಡ್ಡ ರಂಪ ಆಯ್ತು. ಟಿವಿ ಸ್ಪರ್ಧೆ ಗೆದ್ದ 18ರ ಹುಡುಗ ಯಾರಿಗೇನು ಮಾಡಿದ್ದ? ಎರಡು ಹಾಡೂ ಸೋನಿ ಕಂಪನಿದೇ, ದುಡ್ಡೆಲ್ಲ ಒಂದೇ ಜೇಬಿಗೆ ಹೋಯ್ತು. ಗುಂಪು ಕಟ್ಕೊಂಡು ಒಬ್ಬ ಹುಡುಗನ ಮೇಲೆ ಬಿದ್ದಿದ್ದು ಅದು ಹೇಗೆ ಗೆಲುವು? – ಸ್ಲೌನಿಂದ ಓದುಗರೊಬ್ಬರು

ಸಂಪಾದಕರ ಉತ್ತರ:

ಸರ್, ನಿಮ್ಮ ಪತ್ರ ಎರಡು ಸಲ ಓದಿದೆ. ಸರಿ ಇರೋದನ್ನ ಮೊದಲೇ ಒಪ್ಕೊಂಡ್ಬಿಡ್ತೀನಿ. ಜೋ ಮೆಕ್‌ಎಲ್ಡರಿ ಒಳ್ಳೆ ಹುಡುಗ, ಸೌತ್ ಶೀಲ್ಡ್ಸ್ ಊರಿನವನು, ಕಂಠ ಚೆನ್ನಾಗಿದೆ, ಸೋತಾಗ ಯಾರ ಮೇಲೂ ಹರಿಹಾಯಲಿಲ್ಲ. ಎರಡೂ ಹಾಡು ಸೋನಿಯ ಲೇಬಲ್‌ಗಳಿಂದ್ಲೇ ಬಂದಿದ್ದು ಅನ್ನೋದೂ ನಿಜ. ಇಷ್ಟು ನಿಮ್ಮ ಕಡೆಗೆ. ಇನ್ನು ಮುಂದೆ ನಾನು ನಿಮ್ಮ ಮಗಳ ಕಡೆ.

ನಮ್ಮ ಬೇರೆ ಓದುಗರಿಗೆ ಇದೇನು ಗಲಾಟೆ ಅಂತ ಗೊತ್ತಿರಲ್ಲ, ಸ್ವಲ್ಪ ಹಿಂದಿಂದ ಹೇಳ್ತೀನಿ. ಬ್ರಿಟನ್ನಿನಲ್ಲಿ 1952ರ ನವೆಂಬರ್‌ನಲ್ಲಿ ಒಂದು ಸಂಗೀತ ಪತ್ರಿಕೆಯವರು ಸುಮಾರು 20 ರೆಕಾರ್ಡ್ ಅಂಗಡಿಗಳಿಗೆ ಫೋನ್ ಮಾಡಿ ಈ ವಾರ ಯಾವ ಹಾಡು ಜಾಸ್ತಿ ಖರ್ಚಾಯ್ತು ಅಂತ ಕೇಳಿ ಪಟ್ಟಿ ಹಾಕಿದ್ರು, ಅಲ್ಲಿಂದ ಶುರುವಾಗಿದ್ದು ಅವರ ಚಾರ್ಟ್. ಆಮೇಲಾಮೇಲೆ ಕ್ರಿಸ್‌ಮಸ್ ವಾರದ ನಂಬರ್ ಒನ್ ಅಂದ್ರೆ ಅವರಿಗೆ ಹಬ್ಬದ ಊಟದಷ್ಟೇ ಮುಖ್ಯ ಆಗೋಯ್ತು. ಬೀಟಲ್ಸ್ ಬಂದ್ರು, 1973ರಲ್ಲಿ ಸ್ಲೇಡ್ ಬಂದ್ರು, 1975ರಲ್ಲಿ ಕ್ವೀನ್ ಬಂದ್ರು. ಯಾರು ಗೆಲ್ತಾರೆ ಅಂತ ಜನ ಬಾಜಿ ಕಟ್ತಿದ್ರು.

ಅದೇ 1952ರ ಡಿಸೆಂಬರ್‌ನಲ್ಲಿ ರೇಡಿಯೋ ಸಿಲೋನ್‌ನಲ್ಲಿ ಹಿಂದಿ ಸಿನಿಮಾ ಹಾಡುಗಳಿಗೆ ನಂಬರ್ ಕೊಡೋ ಬಿನಾಕಾ ಗೀತ್‌ಮಾಲಾ ಶುರುವಾಯ್ತು ನೋಡಿ, ಇದನ್ನ ಹೇಳದೆ ನನಗೆ ಮುಂದಕ್ಕೆ ಹೋಗೋಕಾಗಲ್ಲ. ನನ್ನ ಬಾಲ್ಯದಲ್ಲಿ ಅರಸೀಕೆರೆಯ ನಮ್ಮ ಮನೇಲಿ ಬುಧವಾರ ರಾತ್ರಿ ಎಂಟಕ್ಕೆ ನಮ್ಮಣ್ಣ ಒಂದು ಉದ್ದ ಲೆಕ್ಕದ ಪುಸ್ತಕ ತೊಡೆ ಮೇಲೆ ಇಟ್ಕೊಂಡು ರೇಡಿಯೋ ಪಕ್ಕ ಕೂತುಬಿಡ್ತಿದ್ದ. ಅದನ್ನ ನಡೆಸ್ತಿದ್ದ ಅಮೀನ್ ಸಯಾನಿ ಒಂದೊಂದೇ ಪಾಯ್ದಾನ್, ಅಂದ್ರೆ ಮೆಟ್ಟಿಲು, ಹೇಳ್ತಾ ಮೇಲಕ್ಕೆ ಹತ್ತೋರು, ಸರಿಯಾಗಿ ಕೊನೆಯ ಹಾಡಿನ ಹೊತ್ತಿಗೆ ಸ್ಟೇಷನ್ ಗೊರಗೊರ ಅನ್ನೋದು, ಅಣ್ಣ ರೇಡಿಯೋನ ಕಿಟಕಿ ಕಡೆ ತಿರುಗಿಸಿ ಉಸಿರು ಬಿಗಿಹಿಡಿದು ಕೇಳೋನು, ಅಮ್ಮ ಅಡುಗೆಮನೆಯಿಂದ್ಲೇ "ಯಾವ್ದೋ ಬಂದಿದ್ದು?" ಅಂತ ಕೂಗೋಳು. ಹಿಂದಿ ಅರ್ಧಂಬರ್ಧ ಗೊತ್ತಿದ್ದ ಅಮ್ಮನಿಗೂ ಆ ನಂಬರ್ ಬೇಕಿತ್ತು. ಆ ಪುಸ್ತಕ ಇವತ್ತೂ ನನ್ನ ಹತ್ರ ಇದೆ, ಒಂದೆರಡು ಕಡೆ ಅಣ್ಣ ತನಗಿಷ್ಟದ ಹಾಡು ಕೆಳಗಿಳಿದಾಗ ಪೆನ್ಸಿಲ್ ಒತ್ತಿ ಬರೆದು ಹಾಳೆ ಹರಿದಿದೆ. ಆ ವಾರ ಏನಾಗುತ್ತೆ ಅಂತ ಮೊದಲೇ ಗೊತ್ತಿದ್ದಿದ್ರೆ ಅಣ್ಣ ಪುಸ್ತಕ ಇಡ್ತಿದ್ನಾ?

ಇಂಗ್ಲೆಂಡಿನಲ್ಲಿ ಕಳೆದುಹೋಗಿದ್ದು ಆ ಕಾತರವೇ. ಎಕ್ಸ್ ಫ್ಯಾಕ್ಟರ್ ಅಂತ ಸೈಮನ್ ಕಾವೆಲ್ ಅವರ ಟಿವಿ ಹಾಡಿನ ಸ್ಪರ್ಧೆಯ ಶೋ 2004ರಲ್ಲಿ ಶುರುವಾಯ್ತು. ಫೈನಲ್ಲು ಡಿಸೆಂಬರ್ ಮಧ್ಯಕ್ಕೆ ಬರೋ ಹಾಗೆ ಇಟ್ಕೊಂಡು, ಗೆದ್ದವರ ಹಾಡನ್ನ ಕ್ರಿಸ್‌ಮಸ್ ಚಾರ್ಟ್‌ಗೆ ಸರಿಯಾಗಿ ಬಿಡೋರು. 2005ರಲ್ಲಿ ಶೇನ್ ವಾರ್ಡ್, 2006ರಲ್ಲಿ ಲಿಯೋನಾ ಲೂಯಿಸ್, 2007ರಲ್ಲಿ ಲಿಯಾನ್ ಜಾಕ್ಸನ್, 2008ರಲ್ಲಿ ಅಲೆಕ್ಸಾಂಡ್ರಾ ಬರ್ಕ್, ಸಾಲಾಗಿ ನಾಲ್ಕು ವರ್ಷ ಕ್ರಿಸ್‌ಮಸ್ ನಂಬರ್ ಒನ್ ಅವರದೇ. ಫೈನಲ್‌ಗೆ ಮುಂಚೆನೇ ಕೊನೆಗೆ ಉಳಿದವರ ಕೈಲೆಲ್ಲ ಅದೇ ಹಾಡು ರೆಕಾರ್ಡ್ ಮಾಡಿಸಿ ಇಟ್ಕೊಂಡಿರೋರು, ಯಾರು ಗೆದ್ರೆ ಅವರದ್ದು ಹೊರಗೆ. ಗಂಡಿನ ಹೆಸರಿನ ಜಾಗ ಖಾಲಿ ಬಿಟ್ಟು ಲಗ್ನಪತ್ರಿಕೆ ಪ್ರಿಂಟ್ ಹಾಕಿಸಿದ ಹಾಗೆ. ಹಾಡು ಯಾರಿಗಾಗಿ ಹುಟ್ಟಿತು, ಹಾಡೋನ ಬಾಳಿಗೂ ಅದಕ್ಕೂ ಏನು ಸಂಬಂಧ, ಇದ್ಯಾವುದೂ ಬೇಕಿರಲಿಲ್ಲ.

2008ರಲ್ಲಿ ಜನಕ್ಕೆ ತಡೆಯೋಕಾಗಲಿಲ್ಲ. ಆ ವರ್ಷ ಶೋ ಎತ್ಕೊಂಡಿದ್ದು ಲಿಯೊನಾರ್ಡ್ ಕೋಹೆನ್ 1984ರಲ್ಲಿ ಹಾಡಿದ್ದ ಹಲ್ಲೆಲೂಯಾ. ಜೆಫ್ ಬಕ್ಲಿ ಅಂತ ಗಾಯಕ ಅದನ್ನ 1994ರಲ್ಲಿ ಒಂದೇ ಗಿಟಾರ್ ಇಟ್ಕೊಂಡು ಹಾಡಿದ್ದ, ಮೂರು ವರ್ಷಕ್ಕೆ ನದೀಲಿ ಮುಳುಗಿ ಹೋಗ್ಬಿಟ್ಟ, 30 ವರ್ಷ ಅವನಿಗೆ. ಅವನ ಹಾಡು ಪ್ರೀತಿಸೋ ಜನ ಸೇರ್ಕೊಂಡು ಬಕ್ಲಿದನ್ನ ಕೊಂಡ್ಕೊಳ್ಳಿ ಅಂತ ಒಬ್ಬರಿಗೊಬ್ಬರು ಹೇಳ್ಕೊಂಡ್ರು. ಬರ್ಕ್ ಒಂದನೇ ಜಾಗ, ಬಕ್ಲಿ ಎರಡನೇ ಜಾಗ, ಕೋಹೆನ್ ಅವರ ಸ್ವಂತ ಧ್ವನಿ 36ನೇ ಜಾಗ. ಒಂದೇ ಹಾಡು ಮೊದಲ ಎರಡೂ ಜಾಗ ಹಿಡಿದಿದ್ದು ಐವತ್ತು ವರ್ಷಕ್ಕೂ ಮೇಲಾದ್ಮೇಲೆ ಅದೇ ಮೊದಲು. ಲೆಕ್ಕದಲ್ಲಿ ಸೋತ್ರು ನಿಜ. ಆದ್ರೆ ಎಷ್ಟೋ ಹುಡುಗರು ಆ ವಾರ ಮೊದಲನೇ ಸಲ ಬಕ್ಲಿನ ಕೇಳಿದ್ರಲ್ಲ ಸರ್, ನನಗೆ ಅದು ಸಾಕು.

ಆಮೇಲೆ ಬಂದಿದ್ದು ನಿಮ್ಮನೇಲಿ ರಂಪ ಎಬ್ಬಿಸಿದ ವರ್ಷ. ಎಸೆಕ್ಸ್‌ನ ಜಾನ್ ಮಾರ್ಟರ್, ಟ್ರೇಸಿ ಮಾರ್ಟರ್ ಅಂತ ಗಂಡ ಹೆಂಡ್ತಿ, ಜಾನ್ ಪಾರ್ಟ್ ಟೈಮ್ ಡಿಜೆ, ಯಾವ ಕಂಪನಿಯ ಬೆಂಬಲವೂ ಇಲ್ಲ. ಫೇಸ್‌ಬುಕ್‌ನಲ್ಲಿ ಒಂದು ಗುಂಪು ಮಾಡಿ, ಈ ಸಲ ರೇಜ್ ಅಗೇನ್‌ಸ್ಟ್ ದ ಮಷೀನ್ ಬ್ಯಾಂಡ್‌ನ ಕಿಲ್ಲಿಂಗ್ ಇನ್ ದ ನೇಮ್ ಕೊಂಡ್ಕೊಳ್ಳಿ, ಜೊತೆಗೆ ಮನೆಯಿಲ್ಲದವರಿಗೆ ಕೆಲಸ ಮಾಡೋ ಶೆಲ್ಟರ್ ಸಂಸ್ಥೆಗೆ ಕೈಲಾದಷ್ಟು ಕೊಡಿ ಅಂದ್ರು. 17 ವರ್ಷದ ಹಳೇ ಹಾಡು, ಹಿಂದೆ ಅಲ್ಲಿನ ಚಾರ್ಟ್‌ನಲ್ಲಿ 25ನೇ ಜಾಗ ದಾಟಿರಲಿಲ್ಲ. ಕಾವೆಲ್ ಇದನ್ನ ಮೂರ್ಖತನ ಅಂದ್ರು. ಡಿಸೆಂಬರ್ 20, ಭಾನುವಾರ ರೇಡಿಯೋದಲ್ಲಿ ರಿಸಲ್ಟ್ ಬಂತು. ಆ ವರ್ಷ ಶೋ ಗೆದ್ದ ಜೋ ಹಾಡು ಸುಮಾರು ನಾಲ್ಕೂವರೆ ಲಕ್ಷ, ಈ ಕಡೆ ರೇಜ್ ಹಾಡು 5 ಲಕ್ಷದ ಮೇಲೆ, ಅದೂ ಬರೀ ಡೌನ್‌ಲೋಡ್‌ನಲ್ಲೇ. ಅಂಗಡೀಲಿ ಒಂದು ಸಿಡಿ ಇಲ್ಲದೆ ಕ್ರಿಸ್‌ಮಸ್ ನಂಬರ್ ಒನ್ ಆಗಿದ್ದು ಅದೇ ಮೊದಲು. ನಿಮ್ಮ ಮಗಳು ನಿಮ್ಮ ಕಾರ್ಡಲ್ಲಿ ಕೊಂಡಿದ್ದೂ ಆ ಲೆಕ್ಕದಲ್ಲಿ ಸೇರಿದೆ.

ಈಗ ನಿಮ್ಮ ಸೋನಿ ಪ್ರಶ್ನೆ. ಈ ಮಾತು ಅವತ್ತಿಂದ ನೂರು ಜನ ಹೇಳಿದಾರೆ, ಹೇಳಿದವರೆಲ್ಲ ಏನೋ ದೊಡ್ಡ ಗುಟ್ಟು ಕಂಡುಹಿಡಿದ ಹಾಗೆ ಹೇಳ್ತಾರೆ. ಮಾರ್ಟರ್ ದಂಪತಿ ಸೋನಿಯ ಗಲ್ಲಾಪೆಟ್ಟಿಗೆಗೆ ಬೀಗ ಹಾಕ್ತೀವಿ ಅಂತ ಹೊರಟವರಲ್ಲ. ಅವರಿಗೆ ಬೇಕಿದ್ದಿದ್ದು ಆ ಭಾನುವಾರ, ಏನಾಗುತ್ತೋ ಅಂತ ರೇಡಿಯೋ ಮುಂದೆ ಕೂರೋ ಭಾನುವಾರ. ಅದು ವಾಪಸ್ ಬಂತು. ಇನ್ನು ದುಡ್ಡಿನ ಮಾತೇ ಆಡೋದಾದ್ರೆ ಇದನ್ನೂ ಸೇರಿಸಿ ಹೇಳಿ, ಮುಂದಿನ ಜೂನ್ 6ಕ್ಕೆ ಆ ಬ್ಯಾಂಡ್ ಲಂಡನ್ನಿನ ಫಿನ್ಸ್‌ಬರಿ ಪಾರ್ಕಿನಲ್ಲಿ ಥ್ಯಾಂಕ್ಸ್ ಹೇಳೋಕೆ ಸುಮಾರು 40 ಸಾವಿರ ಜನಕ್ಕೆ ಫ್ರೀಯಾಗಿ ನುಡಿಸಿತು, ಅದೇ ವೇದಿಕೆ ಮೇಲೆ ಶೆಲ್ಟರ್‌ಗೆ 1 ಲಕ್ಷ 60 ಸಾವಿರ ಪೌಂಡ್‌ಗೂ ಹೆಚ್ಚಿನ ಚೆಕ್ ಕೊಟ್ರು. ಅದ್ಯಾವ ಜೇಬು ಸರ್?

ಬೈಗುಳ ಇದೆ, ಹೌದು. ಬಿಬಿಸಿ ರೇಡಿಯೋದವರು ಆ ಮಾತು ಬೇಡ ಅಂತ ಕೇಳ್ಕೊಂಡ್ರೂ ಬ್ಯಾಂಡ್‌ನವರು ಲೈವ್‌ನಲ್ಲಿ ಹಾಡ್ಬಿಟ್ರು, ಅರ್ಧಕ್ಕೇ ನಿಲ್ಲಿಸಬೇಕಾಯ್ತು. 13ರ ಮಗು ಅದನ್ನ ಕೂಗಿದ್ರೆ ಅಪ್ಪನ ಎದೆ ಧಸಕ್ ಅನ್ನುತ್ತೆ, ಅರ್ಥ ಆಗುತ್ತೆ. ಆದ್ರೆ ಆ ಬ್ಯಾಂಡ್ ಲಾಸ್ ಏಂಜಲೀಸ್‌ನದ್ದು, ರಾಡ್ನಿ ಕಿಂಗ್ ಅನ್ನೋ ಕಪ್ಪು ಮನುಷ್ಯನನ್ನ ಪೊಲೀಸರು ರಸ್ತೇಲಿ ಹಾಕಿ ಬಡಿದಿದ್ದನ್ನ 1991ರಲ್ಲಿ ವಿಡಿಯೋದಲ್ಲಿ ಇಡೀ ಅಮೆರಿಕ ನೋಡಿತ್ತಲ್ಲ, ಆ ಊರು. ಹಾಡು ಇರೋದು ಪೊಲೀಸರ ದೌರ್ಜನ್ಯ, ಜನಾಂಗದ್ವೇಷದ ಮೇಲೆ. ಕೊನೇಲಿ ನೀನು ಹೇಳಿದ ಹಾಗೆ ನಾನು ಕೇಳಲ್ಲ ಅನ್ನೋದನ್ನೇ ಮತ್ತೆ ಮತ್ತೆ, ಗಂಟಲು ಹರಿಯೋ ತನಕ. ಮನೆ ಮನೇಲೂ ಯಾವ ಹಾಡು ಕೇಳಬೇಕು ಅಂತ ಟಿವಿ ಹೇಳ್ತಿದ್ದ ವಾರದಲ್ಲಿ ಇದಕ್ಕಿಂತ ಸರಿಯಾದ ಹಾಡು ಬೇರೆ ಯಾವುದಿತ್ತು?

ಹುಡುಗನ ಮೇಲೆ ಬಿದ್ರು ಅಂತೀರಿ. ಜೋ ಹಾಡು ಮುಂದಿನ ವಾರವೇ ನಂಬರ್ ಒನ್ ಆಯ್ತು, ಜನ ಅವನಿಂದ ಕಿತ್ಕೊಂಡಿದ್ದು ಏಳು ದಿನ. ಅವನನ್ನ ಸ್ಟಾರ್ ಮಾಡ್ತೀವಿ ಅಂತ ಎತ್ತಿ ಕೂರಿಸಿದ ಕಂಪನಿ 2011ರಲ್ಲಿ ಕೈಬಿಟ್ಟಿತು, ಎರಡು ವರ್ಷ ತುಂಬಿರಲಿಲ್ಲ. 2007ರಲ್ಲಿ ಗೆದ್ದ ಲಿಯಾನ್ ಜಾಕ್ಸನ್‌ಗೂ ಇದೇ ಗತಿ, ಮೊದಲ ವರ್ಷ ಗೆದ್ದ ಸ್ಟೀವ್ ಬ್ರುಕ್‌ಸ್ಟೈನ್‌ಗೂ ಇದೇ ಗತಿ. ಜೋ ಆಮೇಲೆ ನಾಟಕ, ಮ್ಯೂಸಿಕಲ್ ಅಂತ ತನ್ನ ದಾರಿ ತಾನೇ ಮಾಡ್ಕೊಂಡ, ಸಂತೋಷ. ನಿಮ್ಮ ಕೋಪ ಮಾರ್ಟರ್ ದಂಪತಿ ಮೇಲೆ ಯಾಕೆ ಬಂತು, ಕೈಬಿಟ್ಟವರ ಮೇಲೆ ಯಾಕೆ ಬರ್ಲಿಲ್ಲ ಅಂತ ನಿಮ್ಮನ್ನೇ ಕೇಳ್ಕೊಳ್ಳಿ. ಬೇಜಾರು ಮಾಡ್ಕೋಬೇಡಿ, ಹಿರಿಯರು ನೀವು, ಕಾಳಜಿಯಿಂದ ಬರೆದಿದೀರಿ, ಅದಕ್ಕೇ ಇಷ್ಟು ನೇರವಾಗಿ ಹೇಳ್ತಿದೀನಿ.

2009 ಅಲ್ಲಿಗೇ ನಿಂತಿದ್ರೆ ಒಂದು ಸಲದ ಹುಚ್ಚು ಅನ್ನಬಹುದಿತ್ತು. 2010ರಲ್ಲಿ ಇನ್ನೊಂದು ಗುಂಪು ಜಾನ್ ಕೇಜ್ ಅವರ ನಾಲ್ಕು ನಿಮಿಷ ಮೂವತ್ತಮೂರು ಸೆಕೆಂಡ್ ಎತ್ಕೊಂಡಿತು. ಅದರಲ್ಲಿ ಒಂದು ಸ್ವರವೂ ಇಲ್ಲ, ವಾದ್ಯ ಮುಂದಿಟ್ಕೊಂಡು ಸುಮ್ಮನೆ ಇರೋದು, ಅದೂ 1952ರದ್ದೇ ಕೃತಿ. ಲಂಡನ್ನಿನ ಸ್ಟುಡಿಯೋದಲ್ಲಿ ಹತ್ತಾರು ಸಂಗೀತಗಾರರು ಒತ್ತೊತ್ತಾಗಿ ನಿಂತ್ಕೊಂಡು ಮೌನ ರೆಕಾರ್ಡ್ ಮಾಡಿದ್ರು! ಜನ ದುಡ್ಡು ಕೊಟ್ಟು ಆ ಮೌನ ಕೊಂಡ್ರು, 21ನೇ ಜಾಗದ ತನಕ ಬಂತು, ಆ ವರ್ಷ ಗೆದ್ದಿದ್ದು ಮತ್ತೆ ಶೋದ ಮ್ಯಾಟ್ ಕಾರ್ಡಲ್. ವಾರ್ತೆ, ಜಾಹೀರಾತು, ಜಡ್ಜ್‌ಗಳ ಗಲಾಟೆ ಮಧ್ಯೆ ರೇಡಿಯೋದಲ್ಲಿ ನಾಲ್ಕೂವರೆ ನಿಮಿಷ ಮೌನ ಬಂದಿದ್ರೆ ಹೇಗಿರ್ತಿತ್ತು ಅಂತ ನಾನು ಇವತ್ತೂ ಯೋಚಿಸ್ತೀನಿ.

ಒಂದು ಸಲ ಬಾಗಿಲು ತೆರೀತಲ್ಲ, 2011ರಲ್ಲಿ ಅಫ್ಘಾನಿಸ್ತಾನಕ್ಕೆ ಹೋದ ಸೈನಿಕರ ಹೆಂಡತಿಯರ ಕಾಯರ್, ಅಂದ್ರೆ ಒಟ್ಟಿಗೆ ಹಾಡೋ ಗುಂಪು, ಗೆದ್ದಿತು, ಅವರು ಗಂಡಂದಿರ ಜೊತೆ ಬರ್ಕೊಂಡ ಕಾಗದಗಳ ಮಾತುಗಳಿಂದ್ಲೇ ಹಾಡು ಕಟ್ಟಿದ್ದು. 2012ರಲ್ಲಿ ಹಿಲ್ಸ್‌ಬರೋ ಸ್ಟೇಡಿಯಂನ 1989ರ ನೂಕುನುಗ್ಗಲಲ್ಲಿ ಸತ್ತವರ ಕುಟುಂಬಗಳ ನ್ಯಾಯದ ಹೋರಾಟಕ್ಕಾಗಿ ಹಾಡಿದ ಹಾಡು. 2015ರಲ್ಲಿ ಸರ್ಕಾರಿ ಆಸ್ಪತ್ರೆಯ ನರ್ಸ್, ಡಾಕ್ಟರ್‌ಗಳ ಕಾಯರ್, ಅವತ್ತು ಪೈಪೋಟೀಲಿದ್ದ ಜಸ್ಟಿನ್ ಬೀಬರ್ ತಾನೇ ನನ್ನದು ಬಿಡಿ ಅವರದ್ದು ಕೊಂಡ್ಕೊಳ್ಳಿ ಅಂತ ಅಭಿಮಾನಿಗಳಿಗೆ ಹೇಳಿದ, ಗೆಲ್ಲಿಸಿದ. ಆ ವರ್ಷ ಎಕ್ಸ್ ಫ್ಯಾಕ್ಟರ್ ಗೆದ್ದವಳ ಹಾಡು 9ನೇ ಜಾಗದಲ್ಲಿ ನಿಂತಿತು.

ಈಗ ಆ ಶೋನೂ ಇಲ್ಲ, ಅದರ ಕೊನೆಯ ಮಾಮೂಲಿ ಸೀಸನ್ ಬಂದಿದ್ದು 2018ರಲ್ಲಿ. ಆದ್ರೆ ನನಗೆ ಸಮಾಧಾನ ಇಲ್ಲ. 2014ರಿಂದ ಸ್ಟ್ರೀಮಿಂಗ್‌ನೂ ಲೆಕ್ಕಕ್ಕೆ ತಗೊಂಡ್ರು, ಪಾರ್ಟೀಲಿ, ಅಡುಗೆಮನೇಲಿ ತಾನಾಗೇ ಓಡ್ತಾ ಇರೋ ಪ್ಲೇಲಿಸ್ಟ್ ಕೂಡ ಓಟು ಹಾಕೋ ಹಾಗಾಯ್ತು. ವ್ಯಾಮ್ ಅನ್ನೋ ಬ್ಯಾಂಡ್‌ನ ಲಾಸ್ಟ್ ಕ್ರಿಸ್‌ಮಸ್ 1984ರದ್ದು, ಆಗ ಎರಡನೇ ಜಾಗ ಸಿಕ್ಕಿದ್ದಕ್ಕೆ 2023ರಲ್ಲಿ ಕ್ರಿಸ್‌ಮಸ್ ವಾರದ ಒಂದನೇ ಜಾಗ ಸಿಕ್ತು, 2024ರಲ್ಲೂ ಅದೇ. ಮಧುರವಾದ ಹಾಡು, ತಕರಾರಿಲ್ಲ. ಆದ್ರೆ ಆ ವಾರ ಅದನ್ನೇ ಬೇಕು ಅಂತ ಕೈಯಿಂದ ಕಾಸು ಬಿಚ್ಚಿದವರು ಎಷ್ಟು ಜನ?

ನಮ್ಮಲ್ಲಿಯ ಸಂಕಟ ಬೇರೆ ರೀತಿ. ನನ್ನ ತಂಗಿ ಮಗಳು ಚೆನ್ನಾಗಿ ಹಾಡ್ತಾಳೆ. ಕೆಲವು ವರ್ಷದ ಹಿಂದೆ ಒಂದು ಚಾನೆಲ್ಲಿನ ಆಡಿಷನ್‌ಗೆ ನಾನೇ ಕರ್ಕೊಂಡು ಹೋಗಿದ್ದೆ. ಬೆಳಿಗ್ಗೆ ಏಳಕ್ಕೆ ಲೈನಲ್ಲಿ ನಿಂತಿದ್ದು, ಮಧ್ಯಾಹ್ನ ಮೂರಾದ್ರೂ ಕರೀಲಿಲ್ಲ, ಮಗು ಬಾಟಲಿ ನೀರು ಗುಟುಕು ಗುಟುಕಾಗಿ ಕುಡೀತಾ ಗಂಟಲು ಒಣಗದ ಹಾಗೆ ನೋಡ್ಕೊಳ್ತಿತ್ತು. ಕೊನೆಗೆ ಒಳಗೆ ಕರೆದು ಅರ್ಧ ಪಲ್ಲವಿ ಕೇಳಿ, ಕೈಲಿ ಫಾರಂ ಹಿಡ್ಕೊಂಡಿದ್ದ ಹುಡುಗ "ಮನೇಲಿ ಏನಾದ್ರೂ ಕಷ್ಟ ಇದೆಯಾ? ಅಪ್ಪ ಅಮ್ಮ ಇದಾರಾ?" ಅಂತ ಕೇಳಿದ. ಇದಾರೆ, ಚೆನ್ನಾಗಿದಾರೆ ಅಂದ್ಲು. ಅವನು ಫಾರಂ ಮಡಚಿ ಪಕ್ಕಕ್ಕಿಟ್ಟ. ವಾಪಸ್ ಬರ್ತಾ ಬಸ್ಸಲ್ಲಿ ಅವಳು ಕೇಳಿದ್ಲು, ಮಾವ, ನಾನು ತಪ್ಪು ಹೇಳಿದ್ನಾ ಅಂತ. ಆ ಪ್ರಶ್ನೆಗೆ ನನಗೆ ಬಾಯಿ ಬರಲಿಲ್ಲ.

ಟಿವಿ ಅಂದ್ರೇ ಹಾಗೆ ಅಂತ ಹೇಳ್ಬೇಡಿ. ಇದೇ ಕನ್ನಡದಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಎದೆ ತುಂಬಿ ಹಾಡುವೆನು ನೋಡಿದೀವಿ. ಮಗು ಹಾಡಿ ಮುಗಿಸಿದ್ರೆ ಎಲ್ಲಿ ಶ್ರುತಿ ಬಿಟ್ಟೆ, ಯಾವ ಅಕ್ಷರ ನುಂಗಿದೆ ಅಂತ ತಾವೇ ಹಾಡಿ ತೋರಿಸೋರು, ಆ ಹಾಡು ಬರೆದವರು ಯಾರು, ರಾಗ ಹಾಕಿದವರು ಯಾರು ಅಂತ ಹೇಳೋರು. ನಮ್ಮ ಮನೇಲಿ ಆ ಹೊತ್ತಿಗೆ ಊಟಕ್ಕೆ ಏಳ್ತಿರಲಿಲ್ಲ. ಮಕ್ಕಳ ಕಣ್ಣೀರು ಬೇಡದೆನೂ ಊರೆಲ್ಲ ಕೂತು ನೋಡಿತ್ತಲ್ಲ.

ಸರ್, ನಿಮ್ಮ ಮಗಳಿಗೆ ಈಗ ಮೂವತ್ತರ ಹತ್ರ ಹತ್ರ ಆಗಿರುತ್ತೆ. ಅವತ್ತು ನಿಮ್ಮ ಕಾರ್ಡ್ ಯಾಕೆ ತಗೊಂಡ್ಲು, ಆ ಭಾನುವಾರ ಸಂಜೆ ರೇಡಿಯೋ ಮುಂದೆ ಕೂತಿದ್ಲಾ, ಹೆಸರು ಹೇಳಿದಾಗ ಏನು ಮಾಡಿದ್ಲು, ನೀವು ಪತ್ರದಲ್ಲಿ ಬರೆದಿಲ್ಲ. ಅವಳನ್ನೇ ಕೇಳಿ, ಅವಳ ಕೈಲೇ ಬರೆಸಿ ಕಳ್ಸಿ, ಕನ್ನಡ ತಪ್ಪಿದ್ರೂ ಪರವಾಗಿಲ್ಲ. ಡಿಸೆಂಬರ್ ಸಂಚಿಕೆಯಲ್ಲಿ ಒಂದು ಪುಟ ಅವಳಿಗೆ ಅಂತ ಇಟ್ಟಿರ್ತೀನಿ.