ಪ್ರತಿಕ್ರಿಯೆ: ಬಸ್ ಕಂಡರೂ ರೈಲು ಯಾಕೆ ನಿಲ್ಲಲಿಲ್ಲ?

ಲೆವೆಲ್ ಕ್ರಾಸಿಂಗ್‌ನಲ್ಲಿ ಬಸ್ ಅಡ್ಡ ಇದ್ದದ್ದು ಕಂಡರೂ ಲೋಕೋ ಪೈಲಟ್ (ರೈಲು ಚಾಲಕ) ಬ್ರೇಕ್ ಹಾಕಲಿಲ್ಲವೇ ಎಂದು ಕೇಳಿದ್ದೀರಿ. ಸಾಮಾನ್ಯವಾಗಿ ಹಾಕಿರುತ್ತಾರೆ. ಆದರೆ ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ. ರಸ್ತೆಯಲ್ಲಿ ಟೈರಿಗೆ ಸಿಗುವ ಹಿಡಿತ ಅಲ್ಲಿಲ್ಲ. ಗಂಟೆಗೆ 100 ಕಿ.ಮೀ. ವೇಗದ ರೈಲು ಸೆಕೆಂಡಿಗೆ ಸುಮಾರು 28 ಮೀಟರ್ ಮುಂದೆ ಬಂದಿರುತ್ತದೆ. ತುರ್ತು ಬ್ರೇಕ್ ಒತ್ತಿದರೂ ಪೂರ್ತಿ ನಿಲ್ಲಲು ನೂರಾರು ಮೀಟರ್ ಬೇಕು, ಕೆಲವೊಮ್ಮೆ ಕಿಲೋಮೀಟರ್ ದಾಟುತ್ತದೆ. ಪಕ್ಕಕ್ಕೆ ತಿರುಗಿಸಲು ಸ್ಟಿಯರಿಂಗ್ ಅಂತೂ ಇಲ್ಲ. ದಯವಿಟ್ಟು ಅವರನ್ನು ದೂರಬೇಡಿ.

ಗೇಟ್ ಇದ್ದರೆ ಸಾಕು ಅನ್ನುವ ಮಾತನ್ನೂ ನಾನು ಒಪ್ಪುವುದಿಲ್ಲ. 2013ರ ಸೆಪ್ಟೆಂಬರ್ 18ರಂದು ಕೆನಡಾದ ಒಟ್ಟಾವಾದಲ್ಲಿ ಡಬಲ್ ಡೆಕ್ಕರ್ ಬಸ್ಸೊಂದು ರೈಲಿಗೆ ಡಿಕ್ಕಿಯಾಗಿ ಬಸ್ ಚಾಲಕನೂ ಸೇರಿ ಆರು ಜನ ಸತ್ತರು. ಅಲ್ಲಿ ದೀಪ, ಗಂಟೆ, ಗೇಟ್ ಎಲ್ಲವೂ ಕೆಲಸ ಮಾಡುತ್ತಿದ್ದವು. ಚಾಲಕನ ಗಮನ ಬೇರೆಡೆ ಹರಿದಿತ್ತು, ಬಸ್ ನಿಗದಿತ ಮಿತಿಗಿಂತ ಜೋರಾಗಿತ್ತು ಎಂದು ತನಿಖೆ ಹೇಳಿತು. ಮೇಲಿನ ಮಹಡಿಯ ಪ್ರಯಾಣಿಕರನ್ನು ತೋರಿಸುವ ಪುಟ್ಟ ಪರದೆ ಚಾಲಕನ ತಲೆಯ ಮೇಲ್ಭಾಗದಲ್ಲೇ ಇತ್ತು. ಅದನ್ನೊಮ್ಮೆ ನೋಡುವಷ್ಟರಲ್ಲಿ ಬಸ್ ಎಷ್ಟು ದೂರ ಹೋಗಿರುತ್ತದೆ, ಯೋಚಿಸಿ. ಸುರಕ್ಷತೆಗೆಂದೇ ಇಟ್ಟ ಸಾಧನ ಅದು. ನನಗೆ ಅದೇ ಹೆಚ್ಚು ಸಂಕಟ.

ನೀವಿರುವ ಬಸ್ ಹಳಿಯ ಮೇಲೆ ಕೆಟ್ಟು ನಿಂತರೆ ತಳ್ಳುತ್ತಾ, ಸಾಮಾನು ಇಳಿಸುತ್ತಾ ನಿಲ್ಲಬೇಡಿ. ಮೊದಲು ಎಲ್ಲರೂ ಇಳಿದು ಹಳಿಯಿಂದ ದೂರ ಸರಿಯಿರಿ. ರೈಲು ಬರುತ್ತಿದ್ದರೆ, ಅದು ಬರುವ ದಿಕ್ಕಿನ ಕಡೆಗೇ ಓರೆಯಾಗಿ ಓಡಿ. ಡಿಕ್ಕಿಯಾದಾಗ ಚೂರುಗಳು ರೈಲು ಸಾಗುವ ದಿಕ್ಕಿಗೆ ಸಿಡಿಯುತ್ತವೆ. ಆಮೇಲೆ ಗೇಟ್‌ಮ್ಯಾನ್‌ಗೋ ರೈಲ್ವೆ ಸಹಾಯವಾಣಿಗೋ ತಿಳಿಸಿ.