ಉಕ್ರೇನ್ ಮೇಲಿನ ದಾಳಿಯನ್ನು ಸಮರ್ಥಿಸುವುದರಲ್ಲಿ ವಿಶ್ವಸಂಸ್ಥೆಯ ರಷ್ಯಾ ರಾಯಭಾರಿಯ ಪಾತ್ರವೇನು?

ದಾಳಿಯ ತೀರ್ಮಾನ ಪುಟಿನ್ ಅವರದು, ರಾಯಭಾರಿ ವಾಸಿಲಿ ನೆಬೆಂಜಿಯಾ ಅವರದಲ್ಲ. ಅದಕ್ಕೆ ಕಾನೂನಿನ ಬಣ್ಣ ಹಚ್ಚುವುದು ಇವರ ಕೆಲಸ.

2022ರ ಫೆಬ್ರವರಿಯಲ್ಲಿ ಭದ್ರತಾ ಮಂಡಳಿಯ ಅಧ್ಯಕ್ಷತೆ ಸರದಿ ಪ್ರಕಾರ ರಷ್ಯಾಕ್ಕೇ ಬಂದಿತ್ತು. ಹಾಗಾಗಿ 23ರ ರಾತ್ರಿ ನ್ಯೂಯಾರ್ಕಿನಲ್ಲಿ, ಯುದ್ಧ ತಪ್ಪಿಸಲೆಂದೇ ಕರೆದ ತುರ್ತು ಸಭೆಯ ಅಧ್ಯಕ್ಷರ ಕುರ್ಚಿಯಲ್ಲಿ ಕೂತಿದ್ದವರು ನೆಬೆಂಜಿಯಾ, ಸಭೆ ನಡೆಯುತ್ತಿರುವಾಗಲೇ ಅತ್ತ ಪುಟಿನ್ ಟೀವಿಯಲ್ಲಿ 'ವಿಶೇಷ ಸೇನಾ ಕಾರ್ಯಾಚರಣೆ' ಘೋಷಿಸಿಬಿಟ್ಟರು. ನಿಮ್ಮ ವಿದೇಶಾಂಗ ಸಚಿವರಿಗೆ ಈಗಲೇ ಫೋನ್ ಮಾಡಿ ಎಂದು ಉಕ್ರೇನಿನ ರಾಯಭಾರಿ ಸೆರ್ಗಿ ಕಿಸ್ಲಿತ್ಸಾ ಎದುರಿಗೇ ಕೇಳಿದರು. ಇಷ್ಟು ಹೊತ್ತಿನಲ್ಲಿ ಸಚಿವ ಲಾವ್ರೋವ್ ಅವರನ್ನು ಎಬ್ಬಿಸುವ ಯೋಚನೆ ಇಲ್ಲ ಎಂದರು ನೆಬೆಂಜಿಯಾ! ಇದು ಯುದ್ಧವೂ ಅಲ್ಲವಂತೆ.

ಅವರ ವಾದ ಇಷ್ಟೇ: ವಿಶ್ವಸಂಸ್ಥೆಯ ಸನ್ನದಿನ 51ನೇ ವಿಧಿ ಕೊಡುವ ಆತ್ಮರಕ್ಷಣೆಯ ಹಕ್ಕು, ಜೊತೆಗೆ ಪೂರ್ವ ಉಕ್ರೇನಿನಲ್ಲಿ ರಷ್ಯಾ ಪರ ಪ್ರತ್ಯೇಕತಾವಾದಿಗಳು ಘೋಷಿಸಿಕೊಂಡ ಡೊನೆಟ್ಸ್ಕ್, ಲುಹಾನ್ಸ್ಕ್ 'ಗಣರಾಜ್ಯ'ಗಳು ಸಹಾಯ ಕೇಳಿವೆ ಎನ್ನುವುದು. ಆದರೆ ಅವುಗಳಿಗೆ ರಷ್ಯಾ ಮಾನ್ಯತೆ ಕೊಟ್ಟಿದ್ದೇ ಫೆಬ್ರವರಿ 21ಕ್ಕೆ. ಬರೀ ನೆಪ ಅಲ್ವಾ?

ಮಾತಿಗಿಂತ ಜಾಸ್ತಿ ಕೆಲಸ ಮಾಡಿದ್ದು ವೀಟೊ, ಅಂದರೆ ಭದ್ರತಾ ಮಂಡಳಿಯ ಕಾಯಂ ಸದಸ್ಯ ದೇಶ ಒಂದೇ ವಿರೋಧಿಸಿದರೂ ನಿರ್ಣಯವನ್ನು ತಡೆಯಬಲ್ಲ ಅಧಿಕಾರ. 25ರಂದು ಖಂಡನಾ ನಿರ್ಣಯಕ್ಕೆ 11 ದೇಶ ಪರ, ಭಾರತ, ಚೀನಾ, ಯುಎಇ ತಟಸ್ಥ. ರಷ್ಯಾ ಒಂದೇ ವಿರೋಧಿಸಿತು, ನಿರ್ಣಯ ಬಿದ್ದುಹೋಯಿತು. ವೀಟೊ ನಡೆಯದ ಮಹಾಸಭೆಯಲ್ಲಿ ಮಾರ್ಚ್ 2ರಂದು 141 ದೇಶಗಳು ಖಂಡಿಸಿದವು, ಆದರೆ ಆ ನಿರ್ಣಯವನ್ನು ಪಾಲಿಸಲೇಬೇಕೆಂಬ ಕಟ್ಟುಪಾಡಿಲ್ಲ.

'ಸರ್ಕಾರದ ಆಜ್ಞೆ, ಏನು ಮಾಡೋದು' ಅನ್ನುವವರಿಗೆ: ಜಿನೀವಾದಲ್ಲಿದ್ದ ರಷ್ಯಾದ ರಾಜತಾಂತ್ರಿಕ ಬೋರಿಸ್ ಬೊಂದರೆವ್ ಅದೇ ವರ್ಷದ ಮೇ ತಿಂಗಳಲ್ಲಿ ಯುದ್ಧವನ್ನು ಖಂಡಿಸಿ ರಾಜೀನಾಮೆ ಕೊಟ್ಟರು.