ಫುಲ್‌ಮೆಟಲ್ ಆಲ್ಕೆಮಿಸ್ಟ್: ಹೊಸಬರು 2003ರದ್ದು ನೋಡಬೇಕಾ, 2009ರದ್ದಾ?

ನೀವು ಕೇಳಿರುವುದು ಇದು: ಅನಿಮೆ, ಅಂದರೆ ಜಪಾನಿನ ಕಾರ್ಟೂನ್ ಧಾರಾವಾಹಿ, ನಿಮಗೆ ಹೊಸದು, ರಸವಾದಿ (ಆಲ್ಕೆಮಿಸ್ಟ್) ಅಣ್ಣತಮ್ಮಂದಿರಿಬ್ಬರ ಕಥೆಯಾದ ಫುಲ್‌ಮೆಟಲ್ ಆಲ್ಕೆಮಿಸ್ಟ್‌ನಿಂದ ಶುರು ಮಾಡಬೇಕು ಅಂತಿದ್ದೀರಿ. ಅದರಲ್ಲಿ 2003ರದ್ದು ಒಂದಿದೆ, 2009ರ ಬ್ರದರ್‌ಹುಡ್ ಒಂದಿದೆ. ಗೆಳೆಯರೆಲ್ಲ ‘ಹಳೆಯದರ ತಂಟೆಗೆ ಹೋಗಲೇಬೇಡ, ನೇರ ಬ್ರದರ್‌ಹುಡ್ ನೋಡು’ ಅಂತಿದ್ದಾರೆ. ಅವರ ಮಾತು ಕೇಳಬೇಕಾ?

ಎರಡನ್ನೂ ನೋಡುವಷ್ಟು ಬಿಡುವಿದ್ದರೆ 2003ರದ್ದು ಮೊದಲು, ಬ್ರದರ್‌ಹುಡ್ ಆಮೇಲೆ. ಒಂದೇ ಒಂದು ನೋಡುತ್ತೇನೆ ಅಂತ ಗಟ್ಟಿ ಮಾಡಿಕೊಂಡಿದ್ದರೆ ಬ್ರದರ್‌ಹುಡ್. ನಿಮ್ಮ ಗೆಳೆಯರು ಹೇಳಿದ್ದು ತಪ್ಪಲ್ಲ, ಆದರೆ ಅವರು ಒಂದು ವಿಷಯ ಮರೆತಿದ್ದಾರೆ ಅನ್ನಿಸುತ್ತೆ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲಿಗೆ, ಬ್ರದರ್‌ಹುಡ್ ಅನ್ನು 2003ರದ್ದರ ರೀಮೇಕ್ ಅನ್ನುವುದೇ ಅಷ್ಟು ಸರಿಯಲ್ಲ. ಮೂಲ ಅನ್ನುವುದಿದ್ದರೆ ಅದು ಹಿರೋಮು ಅರಾಕಾವಾ ಅವರ ಮಂಗಾ, ಅಂದರೆ ಜಪಾನಿನ ಚಿತ್ರಕಥೆ ಪುಸ್ತಕ. 2001ರಲ್ಲಿ ಮಾಸಪತ್ರಿಕೆಯೊಂದರಲ್ಲಿ ಶುರುವಾಗಿ 2010ರಲ್ಲಿ ಮುಗಿಯಿತು, ಒಟ್ಟು 27 ಸಂಪುಟ. ಬೋನ್ಸ್ ಸ್ಟುಡಿಯೋ 2003ರಲ್ಲಿ ಅನಿಮೆ ಶುರು ಮಾಡಿದಾಗ ಮಂಗಾಗೆ ಎರಡೇ ವರ್ಷ ವಯಸ್ಸು, ಕಥೆ ಎಲ್ಲಿಗೂ ಮುಟ್ಟಿರಲಿಲ್ಲ. ಅನಿಮೆಯ ಅಂತ್ಯ ತನ್ನದಕ್ಕಿಂತ ಬೇರೆಯೇ ಇರಲಿ ಅಂತ ಅರಾಕಾವಾ ಅವರೇ ಕೇಳಿಕೊಂಡಿದ್ದರು. ಹಾಗಾಗಿ ನಿರ್ದೇಶಕ ಸೇಜಿ ಮಿಜುಶಿಮಾ ಮತ್ತು ಕಥೆ ಹೆಣೆದ ಶೋ ಐಕಾವಾ ಅರ್ಧ ದಾರಿಯಿಂದ ತಮ್ಮದೇ ಹಾದಿ ಹಿಡಿದು 51 ಎಪಿಸೋಡಿಗೆ ಮುಗಿಸಿದರು. ಬ್ರದರ್‌ಹುಡ್ ಅದೇ ಸ್ಟುಡಿಯೋದ್ದು, ನಿರ್ದೇಶಕ ಮಾತ್ರ ಯಾಸುಹಿರೋ ಇರಿಯೆ. 64 ಎಪಿಸೋಡು, ಮಂಗಾ ಹೇಳಿದ ಹಾಗೆಯೇ ಕೊನೆಯವರೆಗೆ. ಮಂಗಾದ ಕೊನೆಯ ಅಧ್ಯಾಯ 2010ರ ಜೂನ್‌ನಲ್ಲಿ ಬಂತು, ಅನಿಮೆಯ ಕೊನೆಯ ಎಪಿಸೋಡ್ ಅದೇ ಜುಲೈ ಮೊದಲ ವಾರದಲ್ಲಿ. ಅಂದರೆ ಒಂದೇ ಬೇರು, ಎರಡು ಕಾಂಡ.

ಈಗ ಗೆಳೆಯರು ಮರೆತ ವಿಷಯ. ನಮ್ಮೂರು ಪಾಂಡವಪುರದ ಹತ್ತಿರದ ಒಂದು ಹಳ್ಳಿ. ಮಂಡ್ಯದ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ಹಬ್ಬ ಅಂದರೆ ಕುರುಕ್ಷೇತ್ರ ನಾಟಕ, ಬೆಳಗಿನ ಜಾವದವರೆಗೆ. ಒಂದು ವರ್ಷ ಸಂಜೆ ಜೋರು ಮಳೆ ಬಂದು, ಸೀನರಿ ಎಲ್ಲ ನೆನೆದು, ನಾಟಕ ಶುರುವಾಗುವಷ್ಟರಲ್ಲಿ ರಾತ್ರಿ ಹನ್ನೊಂದೂವರೆ. ಹಾರ್ಮೋನಿಯಂ ಮೇಷ್ಟ್ರು ಮೊದಲಿನ ಸೀನುಗಳನ್ನೆಲ್ಲ ಹಾರಿಸಿಬಿಟ್ಟರು. ಕುಂತಿ ಕರ್ಣನ ಹತ್ತಿರ ಬರುವ ಸೀನೂ ಹೋಯಿತು. ಊರಿನವರಿಗೆ ಏನೂ ನಷ್ಟವಾಗಲಿಲ್ಲ. ಕರ್ಣನ ಪಾರ್ಟು ನಮ್ಮಪ್ಪನದು. ಅವರು ರಥದ ಚಕ್ರಕ್ಕೆ ಕೈ ಹಾಕಿದಾಗ ಮುಂದೆ ಚಾಪೆ ಹಾಕಿಕೊಂಡು ಕೂತಿದ್ದ ಹೆಂಗಸರೆಲ್ಲ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಆ ಸೀನು ಎದುರಿಗೆ ನಡೆಯದಿದ್ದರೂ ಅವರ ಮನಸ್ಸಿನಲ್ಲಿ ಅದು ಚಿಕ್ಕಂದಿನಿಂದ ಇದೆ. ನನ್ನ ಪಕ್ಕ ಬೆಂಗಳೂರಿನಲ್ಲಿ ಬೆಳೆದ ಚಿಕ್ಕಮ್ಮನ ಮಗ ಕೂತಿದ್ದ, ಏಳು ವರ್ಷ. ಅವನು ನನ್ನ ಅಂಗಿ ಎಳೆದು ಕೇಳಿದ್ದು, ‘ಅಣ್ಣಾ, ಇವ್ರು ಕೆಟ್ಟವ್ರ ಕಡೆಯವ್ರು ತಾನೆ? ಇವ್ರು ಸತ್ತರೆ ಎಲ್ಲ ಯಾಕೆ ಅಳ್ತಾರೆ?’

ಬ್ರದರ್‌ಹುಡ್‌ನ ಮೊದಲ ಹದಿಮೂರು ಹದಿನಾಲ್ಕು ಎಪಿಸೋಡು ನೋಡುವಾಗಲೆಲ್ಲ ನನಗೆ ಆ ಹುಡುಗ ನೆನಪಾಗುತ್ತಾನೆ. 2009ರಲ್ಲಿ ಅದು ಬಂದಾಗ ಜಪಾನಿನ ನೋಡುಗರು ಐದಾರು ವರ್ಷದ ಹಿಂದಷ್ಟೇ ಅದೇ ಪ್ರಸಂಗಗಳನ್ನು ನೋಡಿ ಮುಗಿಸಿದ್ದರು. ಮತ್ತೆ ಅದನ್ನೇ ನಿಧಾನವಾಗಿ ತೋರಿಸಿದರೆ ಬೇಜಾರು. ಹಾಗಾಗಿ ಹಳೆಯ ಅನಿಮೆ ಹೆಚ್ಚುಕಡಿಮೆ ಇಪ್ಪತ್ತೈದು ಎಪಿಸೋಡಿನಲ್ಲಿ ಹೇಳಿದ್ದನ್ನು ಹೊಸದು ಅದರ ಅರ್ಧದಲ್ಲಿ ಓಡಿಸಿಕೊಂಡು ಹೋಗುತ್ತೆ. ಕಲ್ಲಿದ್ದಲು ಗಣಿ ಊರಿನ ಪ್ರಸಂಗ 2003ರಲ್ಲಿ ಒಂದು ಪೂರ್ತಿ ಎಪಿಸೋಡು, ಬ್ರದರ್‌ಹುಡ್‌ನಲ್ಲಿ ಯಾರೋ ನೆನೆಸಿಕೊಳ್ಳುವ ಒಂದು ತುಣುಕು. ಮೊದಲ ಎಪಿಸೋಡನ್ನೇ ನೋಡಿ. ಅದು ಮಂಗಾದಲ್ಲೇ ಇಲ್ಲದ್ದು. ಹಿಮದ ರಸವಾದಿಯೊಬ್ಬ ರಾಜಧಾನಿಗೆ ನುಗ್ಗುತ್ತಾನೆ, ಅವನನ್ನು ಹಿಡಿಯುವ ನೆಪದಲ್ಲಿ ಸೈನ್ಯದ ಮುಖ್ಯ ಪಾತ್ರಗಳೆಲ್ಲ ಒಟ್ಟಿಗೆ ಬಂದು ನಿಲ್ಲುತ್ತವೆ. ಗೊತ್ತಿದ್ದವರಿಗೆ ಅದು ಹಳೆಯ ನೆಂಟರನ್ನು ಮದುವೆ ಮನೆಯಲ್ಲಿ ಕಂಡ ಹಾಗೆ. ಗೊತ್ತಿಲ್ಲದವರಿಗೆ ಯಾರು ಯಾರೋ.

ನಾನು ಇದನ್ನು ಊಹೆಯಿಂದ ಹೇಳುತ್ತಿಲ್ಲ. ಕುವೆಂಪುನಗರದ ನಮ್ಮ ಬಾಡಿಗೆ ಮನೆಯಲ್ಲಿ ಇಬ್ಬರು ಹೊಸಬರ ಪಕ್ಕ ಕೂತು ನೋಡಿದ್ದೇನೆ. ನನ್ನ ತಮ್ಮ ಮಂಡ್ಯದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ, ಶನಿವಾರ ಸಂಜೆ ರೈಲು ಹತ್ತಿ ಮೈಸೂರಿಗೆ ಬಂದುಬಿಡುತ್ತಿದ್ದ. ಅವನಿಗೆ 2003ರದ್ದು ಹಾಕಿದೆ. ಅಕ್ಕನ ಮಗಳು ಪಿಯುಸಿ ಮುಗಿಸಿ ರಜಕ್ಕೆ ಬಂದಿದ್ದಾಗ ಅವಳೇ ಹಟ ಮಾಡಿ ಬ್ರದರ್‌ಹುಡ್ ಹಾಕಿಸಿಕೊಂಡಳು.

ಕಥೆಯಲ್ಲಿ ಒಬ್ಬ ಪುಟ್ಟ ಹುಡುಗಿ ಬರುತ್ತಾಳೆ, ಜೊತೆಗೊಂದು ದೊಡ್ಡ ನಾಯಿ. ಏನಾಗುತ್ತೆ ಅಂತ ಹೇಳುವುದಿಲ್ಲ. 2003ರಲ್ಲಿ ಎಡ್ ಮತ್ತು ಆಲ್ ಎಂಬ ಆ ಅಣ್ಣತಮ್ಮಂದಿರು ಆ ಹುಡುಗಿಯ ಮನೆಯಲ್ಲೇ ಉಳಿದುಕೊಂಡು ಸರ್ಕಾರಿ ರಸವಾದಿ ಪರೀಕ್ಷೆಗೆ ಓದುತ್ತಾರೆ. ಆಗ ಎಡ್‌ಗೆ ಹನ್ನೆರಡೇ ವರ್ಷ. ಅಮ್ಮ ಇಲ್ಲದ ಮಕ್ಕಳಿಗೆ ಅದು ಮತ್ತೆ ಸಿಕ್ಕ ಒಂದು ಮನೆ. ಏಳನೇ ಎಪಿಸೋಡಿನಲ್ಲಿ ಅದು ಒಡೆಯುತ್ತೆ. ಬ್ರದರ್‌ಹುಡ್‌ನಲ್ಲಿ ಅದೇ ಹುಡುಗಿ ಬಂದು, ಆಡಿ, ಆ ಘಟನೆ ನಡೆದು ಮುಗಿಯುವುದು ನಾಲ್ಕನೇ ಎಪಿಸೋಡಿನೊಳಗೇ. ಅಣ್ಣತಮ್ಮಂದಿರು ಅಲ್ಲಿಗೆ ಪುಸ್ತಕ ನೋಡಲು ಬಂದುಹೋಗುವ ಅತಿಥಿಗಳು, ಅಷ್ಟೆ.

ಆ ನಾಲ್ಕನೇ ಎಪಿಸೋಡು ಮುಗಿದಾಗ ಅಕ್ಕನ ಮಗಳು ‘ಛೆ, ಪಾಪ, ಮಾವ’ ಅಂದಳು, ಮುಂದಿನದು ಹಾಕಿದಳು. ನನ್ನ ತಮ್ಮ ಏಳನೆಯದು ಮುಗಿದ ಮೇಲೆ ಲ್ಯಾಪ್‌ಟಾಪ್ ಮುಚ್ಚಿ, ‘ಇವತ್ತಿಗೆ ಸಾಕು ಕಣಣ್ಣ’ ಅಂತ ಮಹಡಿ ಮೇಲೆ ಹೋಗಿ ಕೂತ. ಅವಳ ಮನಸ್ಸು ಗಟ್ಟಿ, ಇವನದು ಮೆದು ಅಂತ ಇದರ ಅರ್ಥವಲ್ಲ, ನಮ್ಮ ಮನೆಯಲ್ಲಿ ಎಲ್ಲರಿಗಿಂತ ಬೇಗ ಅಳುವವಳು ಅವಳೇ. ಅವಳಿಗೆ ಆ ಮಗುವಿನ ಜೊತೆ ಇರಲು ಸಮಯವೇ ಸಿಗಲಿಲ್ಲ. ಹಾಗೆಯೇ ಮುಂದೆ ಒಂದು ಸಾವು ಬರುತ್ತೆ, ಇಡೀ ಕಥೆಯ ದಿಕ್ಕು ತಿರುಗಿಸುವ ಸಾವು. ಬ್ರದರ್‌ಹುಡ್‌ನಲ್ಲಿ ಅದು ಹತ್ತನೇ ಎಪಿಸೋಡು, 2003ರಲ್ಲಿ ಇಪ್ಪತ್ತೈದನೆಯದು. ಹದಿನೈದು ಎಪಿಸೋಡು ಅಂದರೆ ಆರು ಗಂಟೆ. ಒಬ್ಬ ಮನುಷ್ಯನ ಜೊತೆ ಆರು ಗಂಟೆ ಹೆಚ್ಚಿಗೆ ಕಳೆದು ಆಮೇಲೆ ಅವನನ್ನು ಕಳೆದುಕೊಳ್ಳುವುದು ಬೇರೆಯೇ ಅನುಭವ.

2003ರದ್ದು ಬರೀ ನಿಧಾನ ಅನ್ನುವ ಕಾರಣಕ್ಕೆ ಹೇಳುತ್ತಿಲ್ಲ. ಅದಕ್ಕೆ ಅದರದ್ದೇ ಒಂದು ಮಾತಿದೆ. ಎರಡರಲ್ಲೂ ಕಥೆ ನಿಂತಿರುವುದು ಸಮಾನ ವಿನಿಮಯ ಎಂಬ ನಿಯಮದ ಮೇಲೆ: ಏನಾದರೂ ಪಡೆಯಬೇಕಾದರೆ ಅದಕ್ಕೆ ಸರಿಸಮನಾದದ್ದನ್ನು ಕೊಡಬೇಕು. ಅರಾಕಾವಾ ಹೊಕ್ಕೈಡೊದ ಹೈನುಗಾರ ಮನೆಯವರು. ದುಡಿದರಷ್ಟೇ ಊಟ ಅಂತ ಬದುಕಿದ ಅಪ್ಪ ಅಮ್ಮನನ್ನು ನೋಡಿ ಈ ನಿಯಮ ಹೊಳೆದದ್ದು ಅಂತ ಅವರೇ ಹೇಳಿದ್ದಾರೆ. ಅದು ಗೊತ್ತಾದ ದಿನ ನನಗೆ ಕಥೆ ಇನ್ನೂ ಹತ್ತಿರವಾಯಿತು. ಬೆಳಿಗ್ಗೆ ಐದಕ್ಕೆದ್ದು ಹಾಲು ಕರೆದು ಡೇರಿಗೆ ಹಾಕಿ ಬರುವ ಮನೆಯಲ್ಲೇ ನಾನೂ ಬೆಳೆದದ್ದು. 2003ರದ್ದು ಈ ನಿಯಮವನ್ನು ಕೊನೆಯ ಹೊತ್ತಿಗೆ ತಿರುಗಿಸಿ ಕೇಳುತ್ತೆ: ಕೊಟ್ಟಷ್ಟು ನಿಜಕ್ಕೂ ವಾಪಸು ಬರುತ್ತಾ? ಇಬ್ಬರು ಒಂದೇ ಸಮ ದುಡಿದರೆ ಇಬ್ಬರಿಗೂ ಒಂದೇ ಸಮ ಸಿಗುತ್ತಾ? ನಾಲೆಗೆ ನೀರು ಬಾರದ ವರ್ಷ ಮೊಣಕಾಲೆತ್ತರದ ಕಬ್ಬು ಒಣಗಿ ನಿಂತಿದ್ದನ್ನು ನೋಡಿದವರಿಗೆ ಆ ಪ್ರಶ್ನೆ ಕಾರ್ಟೂನಿನದು ಅನ್ನಿಸುವುದಿಲ್ಲ. ಆ ಅಂತ್ಯ ಬಹಳ ಜನಕ್ಕೆ ಇಷ್ಟವಿಲ್ಲ, ಎಲ್ಲ ಗಂಟೂ ಬಿಚ್ಚುವುದಿಲ್ಲ, ಉಳಿದದ್ದು 2005ರ ಕಾಂಕರರ್ ಆಫ್ ಶಂಬಲ್ಲ ಸಿನಿಮಾಕ್ಕೆ ಹೋಗುತ್ತೆ. ನನಗೆ ಮಾತ್ರ ಅದು ಪ್ರಾಮಾಣಿಕ ಅಂತ್ಯ ಅನ್ನಿಸುತ್ತೆ. ಮಿಚಿರು ಓಶಿಮಾ ಅವರ ಸಂಗೀತವೂ ಹಾಗೆಯೇ. ಅದರಲ್ಲಿ ರಷ್ಯನ್ ಭಾಷೆಯ ಒಂದು ಹಾಡಿದೆ, ಅಣ್ಣ ತಮ್ಮನ ಕ್ಷಮೆ ಕೇಳುವ ಹಾಡು. ಭಾಷೆ ಬರದಿದ್ದರೂ ನಮ್ಮಮ್ಮ ಒಲೆ ಮುಂದಿನಿಂದ ಎದ್ದು ಬಂದು ‘ಯಾರಪ್ಪ ಅದು ಹಾಡ್ತಿರೋದು’ ಅಂತ ಕೇಳಿದರು.

ಹಾಗಾದರೆ ಒಂದೇ ನೋಡುವವರಿಗೆ ಬ್ರದರ್‌ಹುಡ್ ಯಾಕೆ? ಇಡೀ ಕಥೆ ಅಲ್ಲಿದೆ. ಪೂರ್ವದ ಶಿಂಗ್ ದೇಶದಿಂದ ಬರುವ ಲಿಂಗ್ ಮತ್ತು ಮೇ, ಉತ್ತರದ ಬ್ರಿಗ್ಸ್ ಕೋಟೆ ಕಾಯುವ ಒಲಿವಿಯರ್ ಆರ್ಮ್‌ಸ್ಟ್ರಾಂಗ್, ಇವರು ಯಾರೂ 2003ರದ್ದರಲ್ಲಿ ಇಲ್ಲ. ಕಥೆ ನಡೆಯುವ ದೇಶದ ಗಡಿ ಯಾಕೆ ಹಾಗಿದೆ ಅನ್ನುವುದರಿಂದ ಹಿಡಿದು ಮೊದಲಿನಿಂದ ಬಿತ್ತಿದ ಒಂದೊಂದು ಕಾಳೂ ಕೊನೆಯಲ್ಲಿ ಮೊಳೆಯುತ್ತೆ. ಚಿಕ್ಕ ಪಾತ್ರ ಅಂತ ಬಿಟ್ಟವರೂ ಕೊನೆಯ ಯುದ್ಧದಲ್ಲಿ ಬಂದು ತಮ್ಮ ಪಾಲಿನ ಕೆಲಸ ಮಾಡುತ್ತಾರೆ. ಕೊನೆಯ ಹತ್ತು ಎಪಿಸೋಡು ನಾನು ಮೂರು ಸಲ ನೋಡಿದ್ದೇನೆ, ಮೂರು ಸಲವೂ ಮಧ್ಯೆ ಏಳಲಾಗಲಿಲ್ಲ. ಅಷ್ಟು ದೊಡ್ಡ ಕಟ್ಟಡ ಅದು. ಬಾಗಿಲು ಮಾತ್ರ ಸ್ವಲ್ಪ ಕಿರಿದು.

ತಮ್ಮ 2003ರದ್ದು ಮುಗಿಸಿ, ಸಿನಿಮಾ ನೋಡಿ, ಸೆಮಿಸ್ಟರ್ ಪರೀಕ್ಷೆ ಬರೆದು, ಆಮೇಲೆ ಬ್ರದರ್‌ಹುಡ್‌ಗೆ ಬಂದ. ಆ ಅವಸರದ ಮೊದಲ ಭಾಗ ಅವನಿಗೆ ಅವಸರ ಅನ್ನಿಸಲೇ ಇಲ್ಲ, ಯಾಕೆಂದರೆ ಹಾರಿಸಿದ ಸೀನುಗಳೆಲ್ಲ ಅವನ ಮನಸ್ಸಿನಲ್ಲಿದ್ದವು. ಅಲ್ಲಿಂದ ಮುಂದೆ ಎಲ್ಲವೂ ಅವನಿಗೆ ಹೊಸದು. ಅಕ್ಕನ ಮಗಳು ಉಲ್ಟಾ ಬಂದಳು. ಬ್ರದರ್‌ಹುಡ್ ಆದಮೇಲೆ 2003ರದ್ದು ಹಾಕಿ, ಹತ್ತು ಎಪಿಸೋಡಿಗೆ ಬಿಟ್ಟಳು. ‘ಏನಾಗುತ್ತೆ ಅಂತ ಗೊತ್ತಲ್ಲ ಮಾವ, ಕಾಯೋಕ್ಕಾಗಲ್ಲ’ ಅಂದಳು. ಅವಳ ಮಾತಿನಲ್ಲಿ ತಪ್ಪಿಲ್ಲ. ದೊಡ್ಡದನ್ನು ನೋಡಿದ ಮೇಲೆ ಚಿಕ್ಕದಕ್ಕೆ ವಾಪಸು ಬರುವುದು ಕಷ್ಟ. ನಾನು 2003ರದ್ದು ಮೊದಲು ಅನ್ನುವುದಕ್ಕೆ ಇದೂ ಒಂದು ಕಾರಣ.

ಒಂದು ಸಲಹೆ ನಿಮಗೆ ಸಿಗಬಹುದು: ‘2003ರದ್ದು 25 ಎಪಿಸೋಡು ನೋಡಿ, ಅಲ್ಲಿಂದ ಬ್ರದರ್‌ಹುಡ್‌ಗೆ ಹಾರು’ ಅಂತ. ದಯವಿಟ್ಟು ಹಾಗೆ ಮಾಡಬೇಡಿ. ಎರಡೂ ಬೇರೆಯಾಗುವುದು ಇಪ್ಪತ್ತೈದರ ನಂತರ ಅಂತ ಕಾಣುತ್ತೆ, ಆದರೆ 2003ರದ್ದು ತನ್ನ ಕೊನೆಗೆ ಬೇಕಾದ ಬೀಜಗಳನ್ನು ಬಹಳ ಮೊದಲೇ ಬಿತ್ತಿದೆ. ಹೊಮುನ್‌ಕುಲಸ್‌ಗಳು, ಅಂದರೆ ರಸವಾದದಿಂದ ಆದ ಕೃತಕ ಮನುಷ್ಯರು, ಹುಟ್ಟುವ ಬಗೆಯೇ ಎರಡರಲ್ಲೂ ಬೇರೆ. ಮಧ್ಯದಲ್ಲಿ ಹಾರಿದರೆ ಎರಡರ ನಂಬಿಕೆಗಳೂ ಕಲಸಿಹೋಗುತ್ತವೆ. ಒಂದನ್ನು ಪೂರ್ತಿ ಮುಗಿಸಿ, ಒಂದು ತಿಂಗಳು ಬಿಟ್ಟು ಇನ್ನೊಂದು ಹಿಡಿಯಿರಿ. ಮೊದಲನೆಯದು ಸುಮಾರು 20 ಗಂಟೆ, ಎರಡನೆಯದು 25 ಗಂಟೆ ಚಿಲ್ಲರೆ. ದಿನಕ್ಕೆರಡು ಎಪಿಸೋಡಿನ ಲೆಕ್ಕ ಹಾಕಿದರೂ, ನಡುವಿನ ಬಿಡುವು ಬಿಟ್ಟು, ಎರಡೂ ಸೇರಿ ಎರಡು ತಿಂಗಳಾಗುವುದಿಲ್ಲ.

ಹಳೆಯದೇ ಮೊದಲು ಅನ್ನುವುದನ್ನು ಎಲ್ಲ ಅನಿಮೆಗೂ ನಿಯಮ ಮಾಡಿಕೊಳ್ಳಬೇಡಿ. ಫ್ರೂಟ್ಸ್ ಬಾಸ್ಕೆಟ್ 2001ರಲ್ಲಿ 26 ಎಪಿಸೋಡಿಗೆ ನಿಂತುಹೋಯಿತು, 2019ರಿಂದ 2021ರವರೆಗೆ ಬಂದ ಹೊಸದು 63 ಎಪಿಸೋಡಿನಲ್ಲಿ ಮಂಗಾ ಮುಗಿಸುತ್ತೆ, ಆರಂಭದಲ್ಲೂ ಓಡುವುದಿಲ್ಲ. ಅಲ್ಲಿ ನೇರ ಹೊಸದಕ್ಕೆ ಹೋಗಿ. ಹಂಟರ್ ಹಂಟರ್‌ಗೂ ಅಷ್ಟೆ, 2011ರದ್ದು ಸಾಕು.

ಭಾಷೆಯ ಬಗ್ಗೆ ಒಂದು ಮಾತು. ಜಪಾನೀಸ್‌ನಲ್ಲಿ ನೋಡಿದರೆ ಎರಡರಲ್ಲೂ ಎಡ್ ಆಗಿ ರೋಮಿ ಪಾರ್ಕ್, ಆಲ್ ಆಗಿ ರಿಯೆ ಕುಗಿಮಿಯಾ, ಅದೇ ದನಿ ಮುಂದುವರಿಯುತ್ತೆ. ಇಂಗ್ಲಿಷ್ ಡಬ್‌ನಲ್ಲಿ ಆಲ್‌ನ ದನಿ ಬದಲಾಗುತ್ತೆ. 2003ರಲ್ಲಿ ಆಲ್‌ಗೆ ದನಿ ಕೊಟ್ಟ ಆರನ್ ಡಿಸ್ಮುಕ್ ಆಗ ನಿಜಕ್ಕೂ ಹುಡುಗ. ಕಥೆಯಲ್ಲಿ ಆಲ್‌ಗೆ ದೇಹವಿಲ್ಲ, ಅವನ ಜೀವ ಇರುವುದು ಒಂದು ಕಬ್ಬಿಣದ ಕವಚದಲ್ಲಿ. ಆ ದೊಡ್ಡ ಕವಚದೊಳಗಿಂದ ಎಳೆಯ ದನಿಯೊಂದು ‘ಅಣ್ಣಾ’ ಅಂತ ಕರೆದ ಹಾಗೆ ಕೇಳಿಸುವುದು ಅಲ್ಲೇ. ಡಬ್ ನೋಡುವವರಾದರೆ ಅದಕ್ಕೋಸ್ಕರವಾದರೂ 2003ರದ್ದರಿಂದ ಶುರು ಮಾಡಿ.

ಬ್ರದರ್‌ಹುಡ್ ಒಂದೇ ಸಾಕು ಅಂತ ತೀರ್ಮಾನಿಸಿದ್ದರೆ ಮೊದಲ ಎಪಿಸೋಡ್ ಅರ್ಥವಾಗಲಿಲ್ಲ ಅಂತ ಕೈಬಿಡಬೇಡಿ, ಎರಡನೆಯದರಲ್ಲಿ ಅಣ್ಣತಮ್ಮಂದಿರ ಬಾಲ್ಯ ಬರುತ್ತೆ, ಕಥೆ ಅಲ್ಲಿಂದ ಹಿಡಿತಕ್ಕೆ ಸಿಗುತ್ತೆ. ಹದಿನಾಲ್ಕರವರೆಗೆ ದಿನಕ್ಕೊಂದೇ ನೋಡಿ, ಅದು ಓಡಿದರೂ ನೀವು ಓಡಬೇಡಿ. 2003ರದ್ದು ಶುರು ಮಾಡಿದರೆ ಏಳನೇ ಎಪಿಸೋಡನ್ನು ಮಲಗುವ ಹೊತ್ತಿಗೆ ಹಾಕಬೇಡಿ. ಅದು ಮುಗಿದ ಮೇಲೆ ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿದರೆ ಈ ಉತ್ತರದ ಕೆಳಗೆ ಬರೆಯಿರಿ, ನಾನು ನೋಡುತ್ತೇನೆ.